‘ಕಾಲ್ ಇಟ್ ಎ ಡೇ’: ಕರೆಯುವುದಲ್ಲ, ದುಡಿಮೆ ಎಣಿಸುವುದು

ಕೊಪ್ಪಳ: ಸಂಜೆ ಆರು ಗಂಟೆ. ಗಿಣಿಗೇರಾ ಸಮೀಪದ ಕಾರ್ಖಾನೆಯೊಂದರ ಕಚೇರಿಗೆ ಹೊಸದಾಗಿ ಸೇರಿದ ಯುವಕನಿಗೆ ಹೊರ ರಾಜ್ಯದಿಂದ ಬಂದ ಮೇಲಧಿಕಾರಿ ‘ಲೆಟ್ಸ್ ಕಾಲ್ ಇಟ್ ಎ ಡೇ’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ‘ಕಾಲ್’ ಎಂದರೆ ಕರೆ, ‘ಡೇ’ ಎಂದರೆ ದಿನ. ಎರಡೂ ಶಬ್ದಗಳು ಯುವಕನಿಗೆ ಗೊತ್ತು. ಆದರೆ ಯಾರನ್ನು ಕರೆಯಬೇಕು, ಯಾವ ದಿನ ಕರೆಯಬೇಕು ಎಂಬುದು ತಿಳಿಯದೆ ಆತ ದೂರವಾಣಿಯತ್ತ ಕೈ ಚಾಚುತ್ತಾನೆ. ಅಧಿಕಾರಿ ಹೇಳಿದ್ದು ಇಷ್ಟೇ: ಇವತ್ತಿಗೆ ಸಾಕು, ಮನೆಗೆ ಹೊರಡೋಣ.

ಇದು ಕಲ್ಪಿತ ಸನ್ನಿವೇಶ. ಆದರೆ ಇಂತಹ ಗೊಂದಲ ಕನ್ನಡ ಮಾಧ್ಯಮದಲ್ಲಿ ಓದಿದ ಬಹುತೇಕರಿಗೆ ಪರಿಚಿತ. ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಪದ್ಧತಿ ಜಾರಿಗೆ ಬಂದದ್ದು 2007-08ರಲ್ಲಿ. ಆ ವರ್ಷ ಶಾಲೆಗೆ ಸೇರಿದ ಮಕ್ಕಳು 2017ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಈಗ ಉದ್ಯೋಗದ ವಯಸ್ಸಿಗೆ ಬಂದಿದ್ದಾರೆ. ಶಬ್ದಾರ್ಥ, ವ್ಯಾಕರಣ ಇವರಿಗೆ ತಿಳಿದಿದೆ. ತೊಡಕಾಗುವುದು ನುಡಿಗಟ್ಟುಗಳಲ್ಲಿ. ಶಬ್ದಗಳನ್ನು ಬಿಡಿಬಿಡಿಯಾಗಿ ಅನುವಾದಿಸಿದರೆ ಅವು ಅರ್ಥ ಬಿಟ್ಟುಕೊಡುವುದಿಲ್ಲ.

ಅರ್ಥ ಬಂದದ್ದು ಎಲ್ಲಿಂದ?

ಇಲ್ಲಿ ‘ಕಾಲ್’ ಎಂದರೆ ಕರೆಯುವುದಲ್ಲ, ‘ಎಂದು ಪರಿಗಣಿಸುವುದು’. ‘ಇಟ್’ ಎಂದರೆ ಈವರೆಗೆ ಮಾಡಿದ ಕೆಲಸ. ‘ಎ ಡೇ’ ಎಂದರೆ ಒಂದು ದಿನದ ದುಡಿಮೆ. ಮೂರನ್ನೂ ಕೂಡಿಸಿದರೆ, ‘ಇಷ್ಟನ್ನು ಒಂದು ದಿನದ ದುಡಿಮೆ ಎಂದು ಎಣಿಸೋಣ’ ಎಂದಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಇದರ ಹಳೆಯ ರೂಪ ‘ಕಾಲ್ ಇಟ್ ಹಾಫ್ ಎ ಡೇ’ ಎಂದಿತ್ತು. ಪೂರ್ತಿ ಹೊತ್ತಾಗುವ ಮುನ್ನ ಕೆಲಸದಿಂದ ಎದ್ದು ಹೋಗುವಾಗ, ‘ಇದನ್ನು ಅರ್ಧ ದಿನವೆಂದೇ ಲೆಕ್ಕ ಹಿಡಿಯಿರಿ’ ಎಂಬ ಅರ್ಥದಲ್ಲಿ ಅದು ಬಳಕೆಯಾಗುತ್ತಿತ್ತು. ಹೀಗೆ ಈ ನುಡಿಗಟ್ಟು ಹುಟ್ಟಿದ್ದು ದುಡಿಯುವವರ ದಿನದ ಲೆಕ್ಕದಲ್ಲಿ.

ಈ ಲೆಕ್ಕ ಕೊಪ್ಪಳ ಜಿಲ್ಲೆಯ ರೈತರಿಗೆ ಹೊಸದೇನಲ್ಲ. ಯಲಬುರ್ಗಾದ ಕಡಲೆ ಹೊಲಕ್ಕೂ ಕುಷ್ಟಗಿಯ ಸಜ್ಜೆ ಹೊಲಕ್ಕೂ ‘ಎಕರೆಗೆ ಇಷ್ಟು ಆಳು’ ಎಂದೇ ಲೆಕ್ಕ ಹಾಕಲಾಗುತ್ತದೆ. ಇಲ್ಲಿ ‘ಆಳು’ ಎಂದರೆ ಮನುಷ್ಯ ಮಾತ್ರವಲ್ಲ, ಒಬ್ಬರ ಒಂದು ದಿನದ ದುಡಿಮೆ ಕೂಡ ಹೌದು. ಮಧ್ಯಾಹ್ನವೇ ಎದ್ದು ಹೋದವರಿಗೆ ಅರ್ಧ ದಿನದ ಕೂಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿ ಭಾಗದಲ್ಲಿ ಭತ್ತದ ನಾಟಿಯನ್ನು ಗುತ್ತಿಗೆಗೆ ಹಿಡಿದ ತಂಡಗಳಿಗೆ ದಿನದ ಬದಲು ಎಕರೆಯೇ ಅಳತೆ. ಕಿನ್ನಾಳದಲ್ಲಿ ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ಹಚ್ಚುವ ಕಲಾವಿದರು ಬೊಂಬೆ ಮುಗಿದಾಗಲೇ ಕೆಲಸ ಮುಗಿಯಿತು ಎನ್ನಬಲ್ಲರು. ಹೊತ್ತು ಮುಳುಗುವಾಗ ಹೊಲದ ಬದುವಿನಿಂದ ಕೇಳುವ ‘ಹೊತ್ತಾತು, ಇವತ್ತಿಗೆ ಸಾಕ್ ಮಾಡ್ರಿ’ ಎಂಬ ಮಾತೇ ‘ಕಾಲ್ ಇಟ್ ಎ ಡೇ’ಗೆ ಅತ್ಯಂತ ಸಮೀಪದ ಕನ್ನಡ.

‘ಕೆಲಸ ಬಿಟ್ಟೆ’ ಎಂದರೆ ಎಡವಟ್ಟು

ಹೆಚ್ಚು ಎಚ್ಚರ ಬೇಕಾಗಿರುವುದು ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ. ‘ಆರಕ್ಕೆ ಕೆಲಸ ಬಿಟ್ಟೆ’ ಎಂದರೆ ಆ ದಿನದ ಕೆಲಸ ಮುಗಿಸಿದೆ ಎಂದರ್ಥ. ‘ಆ ಕಂಪನಿ ಕೆಲಸ ಬಿಟ್ಟೆ’ ಎಂದರೆ ರಾಜೀನಾಮೆ ಕೊಟ್ಟೆ ಎಂದರ್ಥ. ಕನ್ನಡದಲ್ಲಿ ಸಂದರ್ಭವೇ ಇವೆರಡನ್ನು ಬೇರ್ಪಡಿಸುತ್ತದೆ. ಆದರೆ ಸಂದರ್ಶನದಲ್ಲಿ ‘ಐ ಲೆಫ್ಟ್ ದಿ ಜಾಬ್’ ಎಂದರೆ ಕೇಳುವವರಿಗೆ ರಾಜೀನಾಮೆ ಎಂದೇ ಅರ್ಥವಾಗುತ್ತದೆ. ಈಗಲೂ ಹಳೆಯ ಕಂಪನಿಯಲ್ಲೇ ದುಡಿಯುತ್ತಿರುವ ಅಭ್ಯರ್ಥಿ ಹೀಗೆ ನಿರುದ್ಯೋಗಿ ಎನಿಸಿಕೊಳ್ಳಬಹುದು. ದಿನದ ಕೆಲಸ ಮುಗಿಸಿದ್ದನ್ನು ಹೇಳಲು ‘ಐ ಫಿನಿಶ್ಡ್ ವರ್ಕ್ ಅಟ್ ಸಿಕ್ಸ್’ ಎಂಬ ಸರಳ ವಾಕ್ಯ ಸಾಕು.

‘ಬಾಗಿಲು ಹಾಕು’ ಎಂಬುದೂ ಇಂಥದ್ದೇ. ಅಂಗಡಿಗೆ ರಾತ್ರಿ ಬಾಗಿಲು ಹಾಕುವುದು ಬೇರೆ, ನಷ್ಟವಾಗಿ ಬಾಗಿಲು ಹಾಕುವುದು ಬೇರೆ. ಇಂಗ್ಲಿಷಿನ ‘ವೈಂಡ್ ಅಪ್’ ಕೂಡ ಹೀಗೆಯೇ ಎರಡು ಅಂಚಿನದು. ಸಭೆಯನ್ನು ‘ವೈಂಡ್ ಅಪ್’ ಮಾಡಿದರೆ ಚರ್ಚೆ ಮುಗಿಯುತ್ತದೆ. ಕಂಪನಿಯನ್ನು ‘ವೈಂಡ್ ಅಪ್’ ಮಾಡಿದರೆ ಕಂಪನಿಯೇ ಇಲ್ಲವಾಗುತ್ತದೆ. ‘ರ‍್ಯಾಪ್ ಅಪ್’ ಎಂದರೆ ಉಳಿದದ್ದನ್ನು ಮುಗಿಸಿ ಒಪ್ಪ ಮಾಡುವುದು. ಅದನ್ನು ನಮ್ಮ ‘ಗಂಟುಮೂಟೆ ಕಟ್ಟು’ ಎಂಬುದಕ್ಕೆ ಸಮ ಎಂದು ಭಾವಿಸಬಾರದು, ಗಂಟುಮೂಟೆ ಕಟ್ಟಿದವರು ಮರಳಿ ಬರುವುದಿಲ್ಲ.

ಬಳಸುವುದು ಹೇಗೆ?

ಕೆಲಸ ಮಾಡಿ ದಣಿದಾಗ, ಅಥವಾ ಸಾಕಷ್ಟು ಆಯಿತೆಂದು ಎನಿಸಿದಾಗ ‘ಕಾಲ್ ಇಟ್ ಎ ಡೇ’ ಎನ್ನಬಹುದು. ಕೆಲಸ ಪೂರ್ತಿ ಮುಗಿದಿರಲೇಬೇಕೆಂದಿಲ್ಲ, ಉಳಿದದ್ದು ನಾಳೆಗೆ. ಭೂತಕಾಲದಲ್ಲಿ ‘ಕಾಲ್ಡ್ ಇಟ್ ಎ ಡೇ’ ಎಂದಾಗುತ್ತದೆ. ರಾತ್ರಿ ಹರಟೆ ಮುಗಿಸಿ ಏಳುವಾಗ ‘ಕಾಲ್ ಇಟ್ ಎ ನೈಟ್’ ಎನ್ನುತ್ತಾರೆ. ದೀರ್ಘ ವೃತ್ತಿ ಬದುಕಿಗೆ ವಿದಾಯ ಹೇಳುವುದಕ್ಕೂ ಇದೇ ನುಡಿಗಟ್ಟು ಸಲ್ಲುತ್ತದೆ. 2008ರಲ್ಲಿ ಅನಿಲ್ ಕುಂಬ್ಳೆ, 2012ರಲ್ಲಿ ರಾಹುಲ್ ದ್ರಾವಿಡ್ ಅಂತರರಾಷ್ಟ್ರೀಯ ಕ್ರಿಕೆಟ್‌ನಿಂದ ನಿವೃತ್ತರಾದರು. ಅಂತಹ ನಿರ್ಧಾರವನ್ನೂ ಇಂಗ್ಲಿಷಿನಲ್ಲಿ ‘ಕಾಲ್ಡ್ ಇಟ್ ಎ ಡೇ’ ಎನ್ನಬಹುದು. ಅದೇ ಅರ್ಥದ ‘ನಾಕ್ ಆಫ್’ ತೀರಾ ಸಲುಗೆಯ ಮಾತು. ಕಳವು, ದರ ಕಡಿತ ಎಂಬ ಅರ್ಥಗಳೂ ಅದಕ್ಕಿರುವುದರಿಂದ ಮೇಲಧಿಕಾರಿಗಳ ಮುಂದೆ ಬಳಸದಿರುವುದೇ ಲೇಸು.

ಇನ್ನೊಂದು ಸೂಕ್ಷ್ಮವಿದೆ. ‘ಕಾಲ್ ಇಟ್ ಎ ಡೇ’ ಎನ್ನುವುದು ನಿರ್ಧಾರದ ಮಾತು. ನಿಲ್ಲಿಸುವ ಅಧಿಕಾರ ಇರುವವರ ಬಾಯಲ್ಲಿ ಅದು ಸಹಜ. ಪಾಳಿ ಮುಗಿಯಲು ಇನ್ನೂ ಎರಡು ತಾಸು ಇರುವಾಗ ಹೊಸ ಕಾರ್ಮಿಕ ಹಾಗೆಂದರೆ ಉಡಾಫೆಯಾಗಿ ಕೇಳಿಸೀತು. ಅಂತಹ ವೇಳೆ ‘ಮೇ ಐ ಲೀವ್ ಅರ್ಲಿ ಟುಡೇ?’ ಎಂದು ಕೇಳುವುದೇ ಸೂಕ್ತ.

ಇಂಗ್ಲಿಷಿನ ನುಡಿಗಟ್ಟು ಎದುರಾದಾಗ ಶಬ್ದಕ್ಕೆ ಶಬ್ದ ಹುಡುಕುವ ಬದಲು, ಇಂಥ ಹೊತ್ತಿನಲ್ಲಿ ನಮ್ಮೂರಿನವರು ಏನೆನ್ನುತ್ತಾರೆ ಎಂದು ಕೇಳಿಕೊಂಡರೆ ಅರ್ಧ ದಾರಿ ಸವೆದಂತೆ. ‘ಇವತ್ತಿಗೆ ಸಾಕ್ ಮಾಡ್ರಿ’ ಎಂಬ ಮಾತು ಕೇಳಿ ಬೆಳೆದವರಿಗೆ ‘ಕಾಲ್ ಇಟ್ ಎ ಡೇ’ ಪರಕೀಯವಾಗಬೇಕಿಲ್ಲ.