ಕಡಲಾಚೆ ಕಾಲು ಹುಡುಕುವ ಮಕ್ಕಳು

ಗಾಝಾದ ಮಕ್ಕಳ ಫೋಟೊಗಳು ನಮ್ಮ ಮೊಬೈಲ್‌ಗೆ ದಿನಾ ಬಂದು ಬೀಳುತ್ತವೆ. ನೋಡಿ, ಮರುಗಿ, ಇನ್ನೊಂದು ಗ್ರೂಪಿಗೆ ಕಳಿಸಿಬಿಡುತ್ತೇವೆ. ಕೈಕಾಲು ಕಳೆದುಕೊಂಡ ಆ ಮಕ್ಕಳಲ್ಲಿ ಕೆಲವರು ಅಮೆರಿಕ, ಇಟಲಿ, ಕತಾರ್, ಯುಎಇಯ ಆಸ್ಪತ್ರೆಗಳಿಗೆ ಹೇಗೆ ತಲುಪಿದರು, ಖರ್ಚು ಯಾರದ್ದು ಎಂದು ನಾವು ವಿಚಾರಿಸುವುದು ಕಡಿಮೆ.

ಈ ಕೆಲಸ ಶುರುವಾಗಿ ಮೂವತ್ತು ವರ್ಷ ದಾಟಿತು. ಸ್ಟೀವ್ ಸೊಸ್ಬಿ ಅಮೆರಿಕದ ಒಹಾಯೊ ರಾಜ್ಯದವರು. ಮೊದಲ ಇಂತಿಫಾದಾದ ಕಾಲದಲ್ಲಿ ಪತ್ರಕರ್ತರಾಗಿ ಫೆಲೆಸ್ತೀನ್‌ಗೆ ಹೋಗಿದ್ದರು. ಅಲ್ಲಿ ಸ್ಫೋಟದಲ್ಲಿ ಎರಡೂ ಕಾಲು, ಒಂದು ಕೈ ಕಳೆದುಕೊಂಡಿದ್ದ ಹೆಬ್ರಾನಿನ ಹುಡುಗನೊಬ್ಬನನ್ನು ಕಂಡರು. ವರದಿ ಬರೆದು ಸುಮ್ಮನಾಗಲಿಲ್ಲ. ಊರಿನ ವೈದ್ಯರ ಹತ್ತಿರ ಮಾತಾಡಿ, ಹುಡುಗನನ್ನು ಒಹಾಯೊಗೆ ಕರೆಸಿ, ಉಚಿತ ಚಿಕಿತ್ಸೆ ಮಾಡಿಸಿದರು. ಅಂಥ ಓಡಾಟವೇ ಬೆಳೆದು 1991ರಲ್ಲಿ ‘ಪ್ಯಾಲೆಸ್ಟೈನ್ ಚಿಲ್ಡ್ರನ್ಸ್ ರಿಲೀಫ್ ಫಂಡ್’ ಆಯಿತು. ಇದುವರೆಗೆ 2,000ಕ್ಕೂ ಹೆಚ್ಚು ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ್ದೇವೆ ಎಂದು ಸಂಸ್ಥೆ ಹೇಳುತ್ತದೆ.

ಇದು ಬರೀ ಹಣದಿಂದ ನಡೆಯುವ ಕೆಲಸ ಅಲ್ಲ. ಸರ್ಜನ್ ಫೀಸು ಬಿಡಬೇಕು, ಆಸ್ಪತ್ರೆ ಬಿಲ್ಲು ಬಿಡಬೇಕು. ಮಗುವನ್ನು ತಿಂಗಳುಗಟ್ಟಲೆ ಮನೆಯಲ್ಲಿಟ್ಟು ನೋಡಿಕೊಳ್ಳಲು ಅಲ್ಲಿನ ಒಂದು ಕುಟುಂಬ ಮುಂದೆ ಬರಬೇಕು. ಎಷ್ಟೋ ಮಕ್ಕಳು ತಂದೆ ತಾಯಿ ಇಲ್ಲದೆಯೇ ಹೋಗಿದ್ದಾರೆ. ಭಾಷೆ ಗೊತ್ತಿಲ್ಲದ ದೇಶಕ್ಕೆ ಮಗುವನ್ನು ಯಾರದ್ದೋ ಕೈಗೆ ಒಪ್ಪಿಸಿ ಕಳಿಸುವ ಉಮ್ಮನ ಎದೆ ಹೇಗಿರಬೇಡ!

ಕೃತಕ ಕಾಲು ಒಮ್ಮೆ ಜೋಡಿಸಿದರೆ ಮುಗಿಯಿತು ಎಂದು ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ. ಮಕ್ಕಳ ವಿಷಯದಲ್ಲಿ ಹಾಗಲ್ಲ. ಮಗು ಬೆಳೆದ ಹಾಗೆ ಕಾಲು ಗಿಡ್ಡವಾಗುತ್ತದೆ, ಸಾಕೆಟ್ ಬಿಗಿಯಾಗುತ್ತದೆ, ಬೇರೆ ಮಾಡಿಸಬೇಕು. ಕತ್ತರಿಸಿದ ಜಾಗದಲ್ಲಿ ಮೂಳೆ ಬೆಳೆದು ಚರ್ಮವನ್ನು ಒತ್ತಿದರೆ ಮತ್ತೆ ಆಪರೇಷನ್. ಹಾಗಾಗಿ ಒಂದು ಸಲ ವಿಮಾನ ಹತ್ತಿಸಿದರೆ ಸಾಲದು. ಮಕ್ಕಳನ್ನು ಕಳಿಸುವುದರ ಜೊತೆಗೆ ವೈದ್ಯರನ್ನೇ ಅಲ್ಲಿಗೆ ಕರೆದೊಯ್ಯುವುದು, ಆಸ್ಪತ್ರೆ ವಿಭಾಗ ಕಟ್ಟುವುದೂ ನಡೆಯಿತು. ನಮಗೆ ಅದೇ ಹೆಚ್ಚು ಸರಿಯಾದ ದಾರಿ ಅನಿಸುತ್ತದೆ. ಸೊಸ್ಬಿಯವರ ಪತ್ನಿ ಹುದಾ ಅಲ್ ಮಸ್ರಿ ಬೆತ್ಲೆಹೇಮಿನವರು, ಇದೇ ಕೆಲಸದಲ್ಲಿದ್ದ ಸಮಾಜ ಕಾರ್ಯಕರ್ತೆ. 2009ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಹೆಸರಿನಲ್ಲೇ 2013ರಲ್ಲಿ ಬೈತ್ ಜಾಲಾ ಆಸ್ಪತ್ರೆಯಲ್ಲಿ ಮಕ್ಕಳ ಕ್ಯಾನ್ಸರ್ ವಿಭಾಗ ಆರಂಭವಾಯಿತು. ಗಾಝಾದ ರಂತೀಸಿ ಆಸ್ಪತ್ರೆಯಲ್ಲಿ 2019ರಲ್ಲಿ ಅಂಥದ್ದೇ ಇನ್ನೊಂದು. ಆ ಆಸ್ಪತ್ರೆಯನ್ನು 2023ರ ನವೆಂಬರ್‌ನಲ್ಲಿ ಖಾಲಿ ಮಾಡಿಸಲಾಯಿತು.

ಯುದ್ಧದ ಮೊದಲ ಕೆಲವೇ ತಿಂಗಳಲ್ಲಿ ಸುಮಾರು 1,000 ಮಕ್ಕಳು ಒಂದು ಅಥವಾ ಎರಡೂ ಕಾಲು ಕಳೆದುಕೊಂಡಿದ್ದಾರೆ ಎಂದು ಯುನಿಸೆಫ್ ಹೇಳಿತು. 2024ರ ಮೇ ತಿಂಗಳಲ್ಲಿ ರಫಾ ಗಡಿ ಇಸ್ರೇಲ್ ಕೈಗೆ ಹೋದ ಮೇಲೆ ಗಾಯಾಳುಗಳು ಹೊರಬರುವ ಮುಖ್ಯ ದಾರಿಯೇ ಕಟ್ಟಿತು. ಸೊಸ್ಬಿ ಆ ವರ್ಷ ‘ಹೀಲ್ ಪ್ಯಾಲೆಸ್ಟೈನ್’ ಎಂಬ ಹೊಸ ಸಂಸ್ಥೆ ಕಟ್ಟಿ ಮಕ್ಕಳನ್ನು ಅಮೆರಿಕಕ್ಕೆ ಕರೆತರುತ್ತಿದ್ದರು. 2025ರ ಆಗಸ್ಟ್‌ನಲ್ಲಿ ಆ ಮಕ್ಕಳು ವಿಮಾನ ನಿಲ್ದಾಣದಲ್ಲಿ ಇಳಿಯುವ ವೀಡಿಯೊ ಹಿಡಿದು ಬಲಪಂಥೀಯರು ಗದ್ದಲ ಎಬ್ಬಿಸಿದರು. ಅಮೆರಿಕ ಸರಕಾರ ಗಾಝಾದವರ ಸಂದರ್ಶಕ ವೀಸಾಗಳನ್ನೇ ನಿಲ್ಲಿಸಿತು. ಆಸ್ಪತ್ರೆ ತಯಾರಿದ್ದರೂ, ಇಟ್ಟುಕೊಳ್ಳುವ ಮನೆ ತಯಾರಿದ್ದರೂ ಕಾಗದ ಇಲ್ಲದೆ ಮಗು ಬರುವ ಹಾಗಿಲ್ಲ.

ಕತಾರ್ ಸರಕಾರ ಗಾಯಾಳುಗಳನ್ನು ಕುಟುಂಬ ಸಮೇತ ದೋಹಾಕ್ಕೆ ಕರೆಸಿಕೊಂಡಿದೆ. ನಮ್ಮ ಎಷ್ಟೋ ಮನೆಗಳ ಹುಡುಗರು ದುಡಿಯುವ ಊರು ಅದು. ಗಾಝಾದಿಂದ ಬಂದ ಛಾಯಾಗ್ರಾಹಕಿ ಸಮರ್ ಅಬು ಅಲೂಫ್ ಕೂಡಾ ಅಲ್ಲೇ, ಅದೇ ವಸತಿ ಸಮುಚ್ಚಯದಲ್ಲಿದ್ದರು. ಎರಡೂ ಕೈ ಇಲ್ಲದ ಒಂಬತ್ತು ವರ್ಷದ ಬಾಲಕನ ಅವರ ಚಿತ್ರಕ್ಕೆ 2025ರಲ್ಲಿ ವರ್ಲ್ಡ್ ಪ್ರೆಸ್ ಫೋಟೊದ ವರ್ಷದ ಪ್ರಶಸ್ತಿ ಬಂತು. ಆಗ ಆ ಹುಡುಗ ಕಾಲಿನಿಂದಲೇ ಬರೆಯಲು, ಮೊಬೈಲ್ ಒತ್ತಲು, ಬಾಗಿಲು ತೆರೆಯಲು ಕಲಿಯುತ್ತಿದ್ದ. ಕೃತಕ ಕೈ ಇನ್ನೂ ಸಿಕ್ಕಿರಲಿಲ್ಲ.