ಒಂದು ಹಿಡಿ ಮಣ್ಣು ಸಾಲದು

ಕಾಫಿ, ಅಡಿಕೆಯ ಜೊತೆಗೆ ಹೊಲದಲ್ಲಿ ಆಲೂಗೆಡ್ಡೆ ಬೆಳೆಯುವ ಸದಸ್ಯ ಬಾಂಧವರ ಗಮನಕ್ಕೆ ನೀಲಗಿರಿಯ ಅನುಭವವನ್ನು ತರಬಯಸುತ್ತೇವೆ.

ಆಲೂಗೆಡ್ಡೆಯ ಕೋಶ ಜಂತುಹುಳು ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 1961ರಲ್ಲಿ, ಅಲ್ಲಿಯೇ. ಹೆಣ್ಣು ಹುಳು ಸತ್ತ ಮೇಲೆ ಅದರ ಮೈಯೇ ಸಾಸಿವೆಗಿಂತ ಚಿಕ್ಕ ಗಟ್ಟಿ ಕೋಶವಾಗುತ್ತದೆ. ಅದರೊಳಗಿನ ನೂರಾರು ಮೊಟ್ಟೆಗಳು ಬೆಳೆಯಿಲ್ಲದೆಯೂ ವರ್ಷಾನುಗಟ್ಟಲೆ ಜೀವ ಹಿಡಿದಿರುತ್ತವೆ. ಬಿತ್ತನೆ ಗೆಡ್ಡೆಗೆ ಅಂಟಿದ ಮಣ್ಣಿನೊಡನೆ ಇವು ಊರಿಂದೂರಿಗೆ ಸಾಗುತ್ತವೆ. 2018ರಲ್ಲಿ ಹಿಮಾಚಲ ಪ್ರದೇಶದ ಬಿತ್ತನೆ ಗೆಡ್ಡೆಯ ಸಾಗಣೆಗೂ ಕೇಂದ್ರ ಸರ್ಕಾರ ತಡೆ ಹಾಕಬೇಕಾಯಿತು.

ಗಿಡಗಳು ಅಲ್ಲಲ್ಲಿ ಕುಗ್ಗಿ ಹಳದಿಯಾಗುವ ಹೊತ್ತಿಗೆ ಹುಳು ಬೇರೂರಿ ಹಲವು ವರ್ಷ ಕಳೆದಿರುತ್ತದೆ. ಆದ್ದರಿಂದ ಮಣ್ಣು ಪರೀಕ್ಷೆ ಮುಖ್ಯ. ಹುಳು ಹೊಲದ ತುಂಬ ಸಮನಾಗಿ ಹರಡಿರುವುದಿಲ್ಲ. ಗೆಡ್ಡೆ ಕಿತ್ತ ನಂತರ ಹೊಲದಲ್ಲಿ ಅಂಕುಡೊಂಕಾಗಿ ನಡೆದು, ಹತ್ತಾರು ಕಡೆ ಗೇಣು ಆಳದವರೆಗೆ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದು ಬೆರೆಸಿರಿ. ಪ್ರತಿ ಹೊಲದ ಮಣ್ಣಿಗೂ ಬೇರೆ ಚೀಲ, ಹೆಸರು ಚೀಟಿ ಇರಲಿ. ಸಲಿಕೆ, ಪಾದರಕ್ಷೆ ತೊಳೆದೇ ಮುಂದಿನ ಹೊಲಕ್ಕೆ ಕಾಲಿಡಿರಿ.

ಪ್ರಯೋಗಾಲಯದಲ್ಲಿ ಒಣಗಿಸಿದ ಮಣ್ಣನ್ನು ನೀರಿನಲ್ಲಿ ಕದಡಿದಾಗ ಕೋಶಗಳು ತೇಲಿ ಬರುತ್ತವೆ. ಕೋಶ ಸಿಗಲಿಲ್ಲವೆಂದರೆ ನೀವು ಕಳಿಸಿದ ಮಣ್ಣಿನಲ್ಲಿ ಇರಲಿಲ್ಲವೆಂದಷ್ಟೇ ಅರ್ಥ, ಹೊಲವೆಲ್ಲ ಶುದ್ಧವೆಂದಲ್ಲ. ಒಂದೇ ಮೂಲೆಯ ಮಣ್ಣು ಕಳಿಸಿ ನೆಮ್ಮದಿಯಿಂದಿರಬಾರದೆಂಬುದೇ ನಮ್ಮ ವಿನಂತಿ.