ಸೈಕಲ್ ಬಾಟಲಿಯ ಲೋಳೆ ಪುರಾಣ

ಸೈಕಲ್ ಸವಾರರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಬಾಟಲಿಗೆ ತುಂಬಿಸುವುದು ಶುದ್ಧ ಕುಡಿಯುವ ನೀರನ್ನೇ, ದಿನಾ ತೊಳೆಯುತ್ತೇವೆ, ವಾರಕ್ಕೊಮ್ಮೆ ಅಡುಗೆ ಸೋಡಾ, ವಿನೆಗರ್ ಸುರಿದು ನೊರೆಯನ್ನೂ ಬರಿಸುತ್ತೇವೆ. ಆದರೂ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ ಯಾಕೆ? ಉತ್ತರ ಪ್ರಶ್ನೆಯಲ್ಲೇ ಇದೆ, ‘ತೊಳೆಯುತ್ತೇವೆ’ ಎಂಬ ಮಾತಿನಲ್ಲಿ. ಪಾತ್ರೆಯನ್ನು ಮೊದಲು ತಿಕ್ಕುತ್ತಾರೆ, ಆಮೇಲೆ ತೊಳೆಯುತ್ತಾರೆ. ಅನ್ನ ಹಿಡಿದ ತಪ್ಪಲೆಗೆ ನೀರು ಹಾಕಿ ಕುಲುಕಿ ಕವುಚಿಟ್ಟರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಬಾಟಲಿಗೆ ಮಾತ್ರ ಆ ರಿಯಾಯಿತಿ ಸಿಕ್ಕಿದೆ, ಯಾಕೆಂದರೆ ಅದರೊಳಗಿನ ಕೊಳೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಬೆರಳಿಗೆ ಸಿಗುತ್ತದೆ. ನಾಲ್ಕು ದಿನ ಬರೀ ನೀರಲ್ಲಿ ತೊಳೆದ ಬಾಟಲಿಯ ಒಳಗೋಡೆಯ ಮೇಲೆ ಬೆರಳೆಳೆದು ನೋಡಿ: ಬೆಂಡೆಕಾಯಿ ಹೆಚ್ಚಿದ ಚಾಕುವಿನಂತೆ ನುಣ್ಣಗೆ ಜಾರುತ್ತದೆ. ವಾಸನೆಯ ತವರು ಆ ಜಾರಿಕೆ. ನೀರು ಎಷ್ಟೇ ಶುದ್ಧವಾಗಿರಲಿ, ಸಮಸ್ಯೆ ಇರುವುದು ಗೋಡೆಯಲ್ಲಿ.

ವಿಜ್ಞಾನಿಗಳು ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ನಮಗೆ ಲೋಳೆ ಎಂದರೆ ಸಾಕು. ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾ ಅಬ್ಬೇಪಾರಿ. ಗೋಡೆ ಸಿಕ್ಕಿದೊಡನೆ ಅದು ಸಂಸಾರಿ. ಅಂಟಿಕೊಂಡು, ಸಕ್ಕರೆಯ ಉದ್ದ ಸರಪಳಿಗಳನ್ನೂ ಪ್ರೋಟೀನನ್ನೂ ಸ್ರವಿಸಿ ತನ್ನ ಸುತ್ತ ಅಂಟಿನ ಮನೆ ಕಟ್ಟುತ್ತದೆ, ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ಅಲ್ಲಿ ಜಾಗ ಕೊಡುತ್ತದೆ. ಇದರ ಮಹತ್ವ ವಿಜ್ಞಾನಲೋಕಕ್ಕೆ ಮನದಟ್ಟಾಗತೊಡಗಿದ್ದು ಬಿಲ್ ಕಾಸ್ಟರ್ಟನ್ ಮತ್ತು ಸಂಗಡಿಗರು 1978ರಲ್ಲಿ ಬ್ಯಾಕ್ಟೀರಿಯಾ ಅಂಟಿಕೊಳ್ಳುವ ಬಗೆಯನ್ನು ವಿವರಿಸಿ ಬರೆದ ಮೇಲೆ. ಸುಳಿವು ಮಾತ್ರ ಮುನ್ನೂರು ವರ್ಷ ಹಿಂದೆಯೇ ಸಿಕ್ಕಿತ್ತು. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್, ತಾನೇ ಅರೆದು ಮಾಡಿದ ಮಸೂರದಡಿಯಲ್ಲಿ ತನ್ನ ಹಲ್ಲಿನ ಗಾರೆಯನ್ನಿಟ್ಟು, ಅಲ್ಲಿ ಓಡಾಡುವ ಜೀವಿಗಳ ಬಗ್ಗೆ 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. ಅದರಲ್ಲೊಂದು ಸೊಗಸಾದ ಸಂಗತಿಯಿದೆ. ಗಾರೆಯಿಂದ ಬಿಡಿಸಿ ತೆಗೆದ ಜೀವಿಗಳು ವಿನೆಗರ್ ತಾಕಿದೊಡನೆ ಸತ್ತವು. ಅದೇ ವಿನೆಗರಿನಿಂದ ಬಾಯಿ ಮುಕ್ಕಳಿಸಿದಾಗ ಹಲ್ಲಿಗೆ ಅಂಟಿದ್ದವು ಸಾಯಲಿಲ್ಲ. ವಿನೆಗರ್ ಹೊರಮೈಯಲ್ಲಿದ್ದವನ್ನಷ್ಟೇ ಕೊಂದಿದೆ, ಗಾರೆಯ ಒಳಕ್ಕೆ ಇಳಿದಿಲ್ಲ ಎಂದು ಆತ ಸರಿಯಾಗಿಯೇ ಊಹಿಸಿದ. ಬಾಟಲಿ ತೊಳೆಯುವವರಿಗೆ ಬೇಕಾದ ಪಾಠವೆಲ್ಲ ಆ ಕಾಗದದಲ್ಲಿದೆ. ಮುಕ್ಕಳಿಸಿದ್ದನ್ನೇ ಹಲ್ಲುಜ್ಜಿದ್ದು ಎಂದು ಯಾರೂ ಲೆಕ್ಕ ಹಿಡಿಯುವುದಿಲ್ಲವಲ್ಲ.

ಈ ಬ್ಯಾಕ್ಟೀರಿಯಾ ಬಾಟಲಿಗೆ ಬರುವುದೆಲ್ಲಿಂದ? ಬಹುಪಾಲು ನಮ್ಮ ಬಾಯಿಂದಲೇ. ಸೈಕಲ್ ಬಾಟಲಿಯ ವಿನ್ಯಾಸವೇ ಇದಕ್ಕೆ ಅನುಕೂಲ ಮಾಡಿಕೊಡುತ್ತದೆ. ಮೆತ್ತನೆಯ ಪಾಲಿಥೀನ್ ಬಾಟಲಿಯನ್ನು ಹಿಚುಕಿದರೆ ನೀರು ಚಿಮ್ಮುತ್ತದೆ. ಹಿಡಿತ ಸಡಿಲಿಸಿದರೆ ಬಾಟಲಿ ಉಬ್ಬಿ ಉಸಿರೆಳೆದುಕೊಳ್ಳುತ್ತದೆ. ಆಗ ನಳಿಕೆ ಇನ್ನೂ ತುಟಿಗಳ ನಡುವೆ ಇದ್ದರೆ, ಒಳಕ್ಕೆ ಹೋಗುವುದು ಗಾಳಿಯಷ್ಟೇ ಅಲ್ಲ, ಎಂಜಲೂ ಹೋಗುತ್ತದೆ. ಎರಡು ತಾಸಿನ ಸವಾರಿಯಲ್ಲಿ ಇದು ಹತ್ತಿಪ್ಪತ್ತು ಸಲವಾದರೂ ನಡೆಯುತ್ತದೆ. ಬಾಟಲಿಯಲ್ಲಿ ಗ್ಲುಕೋಸ್ ನೀರೋ ಶರಬತ್ತೋ ಇದ್ದರೆ ಬ್ಯಾಕ್ಟೀರಿಯಾಗಳಿಗೆ ಊಟವೂ ಸಿದ್ಧ. ಎಂಜಲೆಂದರೆ ಮುಖ ಸಿಂಡರಿಸುವ ಹಳೆಯ ಮಡಿವಂತಿಕೆಯಲ್ಲಿ ಜಾತಿಯ ಕೊಳೆ ಬೇಕಾದಷ್ಟಿತ್ತು, ಅದು ತೊಲಗಿದಷ್ಟೂ ಒಳ್ಳೆಯದು. ಆದರೆ ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಅಭ್ಯಾಸವನ್ನು ಅದರ ಜೊತೆಗೇ ಎಸೆಯಬೇಕಾಗಿಲ್ಲ. ಹಿಚುಕುವ ಬಾಟಲಿಯಲ್ಲಂತೂ ಅದು ಇನ್ನೂ ಸುಲಭ: ದೂರದಿಂದ ಬಾಯಿಗೆ ಚಿಮ್ಮಿಸಿಕೊಂಡರಾಯಿತು.

ನನ್ನ ಎಂಜಲು ನನಗೇ ಹೇಗೆ ಮೈಲಿಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಟಾಯ್ಲೆಟ್ ಸೀಟಿಗಿಂತ ಬಾಟಲಿಯಲ್ಲೇ ಹೆಚ್ಚು ಬ್ಯಾಕ್ಟೀರಿಯಾ ಎಂದು ಬೆದರಿಸುವ ಸುದ್ದಿಗಳನ್ನು ಓದಿ ನಕ್ಕುಬಿಡಬಹುದು. ಎಷ್ಟಿವೆ ಎನ್ನುವುದಕ್ಕಿಂತ ಯಾವುವಿವೆ ಎನ್ನುವುದು ಮುಖ್ಯ. ಸ್ವಂತ ಬಾಯಿಯ ಬ್ಯಾಕ್ಟೀರಿಯಾ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಆದರೆ ಬಾಟಲಿ ಕೂತಿರುವ ಜಾಗವನ್ನು ನೋಡಿ. ಮುಂದಿನ ಚಕ್ರದ ಹಿಂದೆ, ರಸ್ತೆಯ ನೀರು ನೇರವಾಗಿ ರಾಚುವ ಕಡೆ, ನಳಿಕೆ ಮೇಲ್ಮುಖವಾಗಿ! 2008ರಲ್ಲಿ ವೇಲ್ಸ್‌ನ ಬಿಲ್ತ್ ವೆಲ್ಸ್ ಊರಿನಲ್ಲಿ, ಕುರಿಗಳು ಮೇಯುವ ನಾಡಿನಲ್ಲಿ, ಮಳೆಯ ನಡುವೆ ಬೆಟ್ಟದ ಸೈಕಲ್ ಸ್ಪರ್ಧೆಯೊಂದು ನಡೆಯಿತು. ಆಮೇಲಿನ ಸಮೀಕ್ಷೆಗೆ ಉತ್ತರಿಸಿದವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿ ಹೊಟ್ಟೆ ಕೆಟ್ಟು ಮಲಗಿದ್ದರು. ಕಾರಣ ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ. ಅದು ಬಂದದ್ದು ಪ್ರಾಣಿಗಳ ಹಿಕ್ಕೆ ಬೆರೆತು, ಸವಾರರ ಬಾಯಿ ಸೇರಿದ ಕೆಸರಿನಿಂದ. ಮಳೆಗಾಲದಲ್ಲಿ ಸಗಣಿ, ಚರಂಡಿ ನೀರು ಎರಡೂ ಹರಿಯುವ ನಮ್ಮ ರಸ್ತೆಗಳಲ್ಲಿ ನಳಿಕೆಗೊಂದು ಟೋಪಿ ಹಾಕುವುದು ಯಾವ ಔಷಧಕ್ಕಿಂತಲೂ ಮೇಲು. ಟೋಪಿ ಇಲ್ಲದಿದ್ದರೆ ಮೊದಲ ಗುಟುಕನ್ನು ನೆಲಕ್ಕೆ ಚಿಮ್ಮಿಸಿ, ನಳಿಕೆಯನ್ನು ಒರೆಸಿ, ಆಮೇಲೆ ಕುಡಿಯಬೇಕು.

ಇನ್ನು ಆ ನೊರೆಯ ವಿಚಾರ. ಅಡುಗೆ ಸೋಡಾ ಕ್ಷಾರ, ವಿನೆಗರ್ ಆಮ್ಲ. ಬೇರೆ ಬೇರೆಯಾಗಿ ಎರಡಕ್ಕೂ ಒಂದಿಷ್ಟು ಗುಣವಿದೆ: ಸೋಡಾ ವಾಸನೆ ಹೀರುತ್ತದೆ, ನಯವಾದ ಪುಡಿಯಾಗಿ ತಿಕ್ಕಲು ಒದಗುತ್ತದೆ, ವಿನೆಗರ್ ಬೋರ್‌ವೆಲ್ ನೀರಿನ ಬಿಳಿ ಕಲೆ ಕರಗಿಸುತ್ತದೆ. ಎರಡನ್ನೂ ಒಟ್ಟಿಗೆ ಸುರಿದರೆ ಒಂದರ ಗುಣವನ್ನು ಇನ್ನೊಂದು ನುಂಗುತ್ತದೆ. ಬುಸ್ಸೆಂದು ಏಳುವುದು ಗೋಲಿ ಸೋಡಾದಲ್ಲಿರುವ ಅದೇ ಇಂಗಾಲದ ಡೈಆಕ್ಸೈಡ್. ಅದು ಹಾರಿಹೋದ ಮೇಲೆ ತಳದಲ್ಲಿ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಉಪ್ಪು ಕರಗಿದ ನೀರು. ಗುಳ್ಳೆಗಳು ಸಡಿಲವಾದ ಕಸವನ್ನು ಒಂದಿಷ್ಟು ಎಬ್ಬಿಸಿಯಾವು, ಲೋಳೆಯನ್ನಲ್ಲ. ಸದ್ದು ಮಾಡಿದ್ದೆಲ್ಲ ಕೆಲಸ ಮಾಡಿತು ಎಂದು ನಂಬುವುದು ನಮ್ಮ ಹಳೆಯ ಚಾಳಿ, ಪಟಾಕಿ ಹೊಡೆದರೆ ಸೊಳ್ಳೆ ಸಾಯುತ್ತವೆ ಎಂದ ಹಾಗೆ.

ತಾಮ್ರದ ಬಾಟಲಿಯೇ ಮದ್ದು ಎನ್ನುವ ಪಕ್ಷದವರದು ಇದಕ್ಕಿಂತ ಗಟ್ಟಿ ವಾದ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಆಯುರ್ವೇದ ಅಂಡ್ ಇಂಟಿಗ್ರೇಟಿವ್ ಮೆಡಿಸಿನ್ ಸಂಸ್ಥೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾಲರಾ, ಟೈಫಾಯಿಡ್, ಆಮಶಂಕೆಯ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ತಾಸು ಇಟ್ಟಾಗ ಅವು ಮತ್ತೆ ಬೆಳೆಯಲಿಲ್ಲ. ನೀರಿಗಿಳಿದ ತಾಮ್ರವೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗೇ ಇತ್ತು. ಒಳ್ಳೆಯ ಕೆಲಸ. ಆದರೆ ಆ 16 ತಾಸನ್ನು ಗಮನಿಸಿ: ಅದು ರಾತ್ರಿಯಿಡೀ ಅಡುಗೆಮನೆಯಲ್ಲಿ ನಿಂತ ಬಿಂದಿಗೆಯ ಲೆಕ್ಕ, ಬೆಳಗ್ಗೆ ಐದಕ್ಕೆ ತುಂಬಿಸಿ ಏಳಕ್ಕೆ ಖಾಲಿ ಮಾಡುವ ಬಾಟಲಿಯದಲ್ಲ. ತಾಮ್ರವನ್ನು ಹಿಚುಕಲಾಗುವುದಿಲ್ಲ; ನಿಂಬೆ ಶರಬತ್ತು ಹಾಕಿದರೆ ಹುಳಿಗೆ ತಾಮ್ರ ಬೇಕಾದ್ದಕ್ಕಿಂತ ಹೆಚ್ಚು ಕರಗುತ್ತದೆ. ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಲೇಬೇಕೆಂಬುದು ಮನೆಮನೆಗೂ ಗೊತ್ತು.

ಹಾಗಾಗಿ ದಾರಿ ಸರಳ, ಸ್ವಲ್ಪ ಬೇಸರದ್ದು. ಮನೆಗೆ ಬಂದ ಕೂಡಲೇ, ಒಳಗಿನದು ಒಣಗಿ ಅಂಟುವ ಮೊದಲೇ, ಬೆಚ್ಚನೆಯ ನೀರು, ಪಾತ್ರೆ ತೊಳೆಯುವ ಸೋಪು, ಉದ್ದ ಹಿಡಿಯ ಬ್ರಷ್. ಕುದಿಯುವ ನೀರು ಬೇಡ, ಮೆತ್ತನೆಯ ಬಾಟಲಿ ಸೊಟ್ಟಗಾಗುತ್ತದೆ. ಹೆಚ್ಚು ಹೊತ್ತು ಕೊಡಬೇಕಾದ್ದು ಮುಚ್ಚಳಕ್ಕೆ: ನಳಿಕೆಯನ್ನು ಎಳೆದು ಬಿಚ್ಚಿ, ರಬ್ಬರ್ ಉಂಗುರವನ್ನು ಎಬ್ಬಿಸಿ ನೋಡಿದರೆ ತಿರುಪಿನ ಸಂದಿಯಲ್ಲಿ, ಉಂಗುರದ ಅಡಿಯಲ್ಲಿ ಕಪ್ಪು ಚುಕ್ಕೆಗಳು ಕಾಣಬಹುದು. ಅದು ಬೂಷ್ಟು. ಹಳೆಯ ಹಲ್ಲುಜ್ಜುವ ಬ್ರಷ್ ಅಲ್ಲಿಗೆ ಸರಿಯಾಗಿ ಹೋಗುತ್ತದೆ. ತಿಕ್ಕಿದ ಮೇಲೂ ಚುಕ್ಕೆ ಉಳಿದರೆ, ಲೀಟರ್ ನೀರಿಗೆ ಒಂದು ಚಮಚ ಬ್ಲೀಚ್ ದ್ರಾವಣ ಬೆರೆಸಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಬೇಕು. ಬ್ಲೀಚಿಗೆ ವಿನೆಗರ್ ಅಥವಾ ನಿಂಬೆರಸ ಎಂದೂ ಸೇರಿಸಬಾರದು, ಏಳುವುದು ವಿಷಗಾಳಿ ಕ್ಲೋರಿನ್. ಕೊನೆಗೆ ಒಣಗಿಸುವುದು: ಕಟ್ಟೆಯ ಮೇಲೆ ಬೋರಲು ಹಾಕಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಮುಚ್ಚಳ ಬೇರೆ ಬಾಟಲಿ ಬೇರೆ ಮಾಡಿ ಗಾಳಿಯಾಡುವ ಜಾಲರಿಯ ಮೇಲಿಡಬೇಕು. ಮಲೆನಾಡಿನ ಆಷಾಢದಲ್ಲಿ ಒಂದು ರಾತ್ರಿಗೆ ಒಣಗದು; ಎರಡು ಬಾಟಲಿ ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿದರೆ ಪ್ರತಿಯೊಂದಕ್ಕೂ ಒಣಗಲು ಒಂದು ಹಗಲು ಹೆಚ್ಚಿಗೆ ಸಿಗುತ್ತದೆ.